ಅವತ್ತು ಮೋಡ ಇರಲಿಲ್ಲ

ಶಾರದಾ, ಅವತ್ತು ಮೋಡ ಬಂದಿರಲಿಲ್ಲ. ನಾನು ನಿನಗೆ ಸುಳ್ಳು ಹೇಳಿದೆ.

ನಾಲ್ಕನೇ ತರಗತಿಗೆ ಶಾಲೆ ಬಿಟ್ಟು ಆದೋನಿಯ ಹತ್ತಿ ಮಿಲ್ಲಿಗೆ ಸೇರಿದವಳು ನಾನು. ನನಗೂ ತಿಳಿಯುವ ಹಾಗೆ ನೀನು ಹೇಳಿದ್ದೆ — ದೂರದ ಒಂದು ನಕ್ಷತ್ರವನ್ನು ಗುರುವಿನಂಥ ದೊಡ್ಡ ಅನಿಲದ ಗ್ರಹ ಸುತ್ತುತ್ತಿರಬಹುದು, ತೀರ ಹತ್ತಿರವೂ ಅಲ್ಲ, ತೀರ ದೂರವೂ ಅಲ್ಲ. ಅದು ಎದುರು ಹಾಯ್ದಾಗ ನಕ್ಷತ್ರದ ಬೆಳಕು ತುಸು ಕುಗ್ಗುತ್ತದೆ. ಎರಡು ಸಲ ಕುಗ್ಗಿದ್ದನ್ನು ಬೇರೆ ದೇಶದವರು ಕಂಡಿದ್ದರು. ಮೂರನೆಯ ಸಲ ಸಿಕ್ಕರೆ ಗ್ರಹವೆಂದು ಖಾತ್ರಿ. ಈ ಸಲ ಆ ಹೊತ್ತಿಗೆ ರಾತ್ರಿ ನಮ್ಮ ಕಡೆ.

ನಿನ್ನ ಕಾಲೇಜಿನ ದುರ್ಬೀನನ್ನು ಬೇಡಿ ತಂದು ನೀನು ಮಾಳಿಗೆಯ ಮೇಲೆ ನಿಲ್ಲಿಸಿ, ಅದಕ್ಕೆ ಕ್ಯಾಮೆರಾ, ಲ್ಯಾಪ್‌ಟಾಪ್ ಜೋಡಿಸಿದೆ. ಆದರೆ ನಿನಗೆ ಜ್ವರ — ನಿಲ್ಲಲಾಗದೆ ಕೆಳಗೆ ಮಲಗಲು ಹೊರಟೆ.

“ಅಕ್ಕಾ, ಕಾಯ್ಕಂತ ಕೂಡು. ಮುಟ್ಟಬ್ಯಾಡ ಮತ್ತ. ಇದು ನಿನ್ನ ಮಿಲ್ಲಿನ ಮಿಷನ್ ಅಲ್ಲ, ದಬಾಯಿಸಿದ್ರ ಕೇಳಂಗಿಲ್ಲ.”

“ಹೋಗ ಹೋಗ, ನನಗ ಕಲಿಸಾಕ ಬಂದಾಳ ಈಕಿ!”

ಆಮೇಲೆ ಗಾಳಿ ತಿರುಗಿತು. ಮಿಲ್ಲಿನ ಕಡೆಯಿಂದ ಹತ್ತಿಯ ಎಳೆಗಳು ಹಾರಿ ಬಂದು ಕ್ಯಾಮೆರಾಗೆ ಅಂಟಿದವು. ಮುಟ್ಟಿ ನೋಡಿದೆ — ಬಿಸಿ. ಮಿಲ್ಲಿನಲ್ಲಿ ಬಿಸಿ ಯಂತ್ರದ ಮೇಲೆ ಹತ್ತಿ ಕೂತರೆ ಬೆಂಕಿಯ ಭಯ. ಕಂಡ ಕೂಡಲೇ ಒದ್ದೆ ಗೋಣಿಚೀಲ ಮುಚ್ಚುತ್ತೇವೆ. ನಾನು ಅದನ್ನೇ ಮಾಡಿದೆ. ದುರ್ಬೀನಿನ ಬಾಯಿಯೂ ಮುಚ್ಚಿಹೋಯಿತು — ನಕ್ಷತ್ರ ಕಾಣಬೇಕು ಎಂಬುದೇ ಆಗ ತಲೆಯಲ್ಲಿರಲಿಲ್ಲ...

ಬೆಳಗಿನ ಜಾವ ಮೆಟ್ಟಿಲ ಮೇಲೆ ನಿನ್ನ ಸಪ್ಪಳ ಕೇಳಿದಾಗ ಹೊಳೆಯಿತು. ಚೀಲ ಕಿತ್ತು ನೀರಿನ ತೊಟ್ಟಿಯ ಹಿಂದೆ ಎಸೆದೆ. ನೀನು ಲ್ಯಾಪ್‌ಟಾಪ್ ನೋಡಿದೆ. ಬೆಳಕು ಕುಗ್ಗತೊಡಗಿತ್ತು — ಅಲ್ಲಿಂದ ಮುಂದೆ ಬರೀ ಕತ್ತಲು.

“ಏನಾತು ಅಕ್ಕಾ?”

“ಮೋಡ ಬಂದಿತ್ತು. ಈಗ ಸರೀತು.”

ನೀನು ಲ್ಯಾಪ್‌ಟಾಪ್ ಮುಚ್ಚಿದೆ. “ಪರ್ವಾಲೇದು ಬಿಡು. ಮೋಡಕ್ಕ ಯಾರೇನು ಮಾಡಾಕಾಗ್ತೈತಿ?” ಎಂದೆ. ನಾನು ನಡುಗುತ್ತಿದ್ದುದು ಚಳಿಗೆಂದುಕೊಂಡು, ಜ್ವರದ ಮೈಯ ಮೇಲಿದ್ದ ಕೌದಿಯನ್ನು ತೆಗೆದು ನನಗೆ ಹೊದಿಸಿದೆ. ಆಗಲಾದರೂ ಬಾಯಿ ಬಿಡಬೇಕಿತ್ತು.

ಮುಂದಿನ ಸಲ ಅದು ಹಾಯುವಾಗ ನಮಗೆ ಹಗಲು ಎಂದು ನೀನೇ ಲೆಕ್ಕ ಹಾಕಿ ಹೇಳಿದೆ. ಅದರ ಮುಂದಿನದಕ್ಕೆ — ಯಾರಿಗೆ ಗೊತ್ತು? ಹಾದುಹೋದದ್ದನ್ನು ಹಿಂದಕ್ಕೆ ಕರೆಯಲು ನನ್ನಿಂದಾಗದು, ಯಾರಿಂದಲೂ ಆಗದು.

ನಿನ್ನೆ ನೀನಿರುವ ಕೋಸಗಿಯಿಂದ ಫೋನು ಮಾಡಿದಾಗಲೂ ನೀನು “ಆ ಹಾಳು ಮೋಡ” ಎಂದು ಬೈದು ನಕ್ಕೆ.

ಆಕಾಶದ ತುಂಬ ಚುಕ್ಕಿಗಳಿದ್ದವು, ಶಾರದಾ. ಬೈಯುವುದಿದ್ದರೆ ನನ್ನನ್ನು ಬೈಯಿ.