ಕೆಟ್ಟ ಟೀವಿಯ ಮುಂದಿಟ್ಟ ಎಡೆ

ಆ ಮಾರ್ನಮಿಯ ಸಂಜೆ ಹಾರನಹಳ್ಳಿಯ ಮನೆಯ ಪಡಸಾಲೆಯಲ್ಲಿ ನಾವು ನಾಲ್ವರು ಕೂತಿದ್ದೆವು: ದೊಡ್ಡಪ್ಪ, ದೊಡ್ಡಮ್ಮ, ಚಿಕ್ಕಜ್ಜಿ ಮತ್ತು ನಾನು. ನಿಮಗೆ ಮೊದಲೇ ಹೇಳಿಬಿಡುತ್ತೇನೆ, ಸತ್ತವರು ಬಂದು ಎಡೆ ಉಂಡು ಹೋಗುತ್ತಾರೆ ಎನ್ನುವುದನ್ನು ನಾನು ಯಾವತ್ತೂ ನಂಬಿದವನಲ್ಲ. ಬಾಡಿನ ಸಾರು ಆರುವ ಮೊದಲು ಎಡೆಯಿಟ್ಟ ಕೋಣೆಯ ಬಾಗಿಲು ತೆಗೆದರೆ ಸಾಕು ಎಂದು ಕಾಯುತ್ತಿದ್ದವನು.

ಎಡೆ ಇಟ್ಟದ್ದು ಚಿಕ್ಕಜ್ಜಿಯ ಗಂಡನಿಗೆ, ಅಂದರೆ ನನ್ನ ತಾತನ ತಮ್ಮನಿಗೆ. ಅವರು ತೀರಿಕೊಂಡು ವರ್ಷವಾಗಿತ್ತು. ಹರೆಯದಲ್ಲಿ ಓದಲೆಂದು ಹಡಗು ಹತ್ತಿ ಲಂಡನ್ನಿಗೆ ಹೋಗಿದ್ದವರು. ಎರಡನೇ ಮಹಾಯುದ್ಧಕ್ಕೆಂದು ನಿಲ್ಲಿಸಿದ್ದ ಟೆಲಿವಿಷನ್ನನ್ನು ಅಲ್ಲಿ ಮತ್ತೆ ಶುರುಮಾಡಿದ್ದ ಹೊಸತು. ದನ ಕಾಯುವಾಗ ಕಲಿತ ಕೊಳಲನ್ನು ಒಂದು ಸಂಜೆ ಅದರಲ್ಲಿ ನುಡಿಸಿದ್ದರಂತೆ. ಆಗೆಲ್ಲ ನೇರ ಪ್ರಸಾರ; ನುಡಿಸಿದ್ದು ಅಲ್ಲಿಗೇ ಗಾಳಿ ಪಾಲು, ಯಾರೂ ಹಿಡಿದಿಡಲಿಲ್ಲ. ಊರಿಗೆ ಬಂದು ಹೇಳಿದರೆ ನಂಬುವವರು ಯಾರು? "ಪೆಟ್ಗೆ ಒಳ್ಗೆ ಕುಂತು ಊದಿದ್ಯೇನ್ಲಾ?" ಎಂದು ನಮ್ಮ ತಾತ ಎಲ್ಲರೆದುರು ನಕ್ಕರಂತೆ. ಅವತ್ತು ಅಟ್ಟಕ್ಕೆಸೆದ ಕೊಳಲನ್ನು ಇವರು ಮತ್ತೆ ಮುಟ್ಟಲಿಲ್ಲ. ಚಿಕ್ಕಜ್ಜಿ ಸೊಸೆಯಾಗಿ ಬಂದದ್ದು ಆಮೇಲೆ. ಗಂಡನ ಕೊಳಲನ್ನು ಒಂದು ಸಲವಾದರೂ ಕೇಳಲಿಲ್ಲವಲ್ಲ ಎಂಬುದೊಂದೇ ಅವರ ಕೊರಗು.

ಅದಕ್ಕೇ ಎಡೆಗೆ ಫೋಟೊ ಬೇಡವೆಂದು ಹಟ ಹಿಡಿದರು.

"ಅವ್ರು ಟೀವಿಯಾಗೆ ಬಂದಿದ್ದೋರು. ಟೀವಿ ಮುಂದ್ಕೇ ಇಡಿ."

"ಅದು ಕೆಟ್ಟು ಮೂಲೆ ಸೇರ್ಕಂಡದೆ ಕಣವ್ವ," ಎಂದರು ದೊಡ್ಡಪ್ಪ. "ಚಿಕ್ಕಪ್ಪ ಬಂದ್ರೆ ಮೊದ್ಲು ಅದ್ನ ರಿಪೇರಿ ಮಾಡ್ಬೇಕಾಯ್ತದೆ!"

"ಮಾಡ್ಕತಾರೆ ಬುಡು. ನೀನು ಎಲೆ ಆಕು."

ಆ ಹಳೆಯ ಡಬ್ಬಾ ಟೀವಿಯ ವೈರನ್ನು ಇಲಿ ಕಡಿದು ಎಷ್ಟೋ ಕಾಲವಾಗಿತ್ತು. ಅದರ ಮುಂದೆ ಎಲೆ ಹಾಕಿ ಬಡಿಸಿ, ಧೂಪ ಹಾಕಿ, ಬಾಗಿಲು ಮುಚ್ಚಿ ಹೊರಗೆ ಪಡಸಾಲೆಯಲ್ಲಿ ಕೂತೆವು. ಹಿರಿಯರು ಉಣ್ಣುವಷ್ಟು ಹೊತ್ತು ಬಿಟ್ಟು, ಮನೆಯ ಯಜಮಾನ ಬಾಗಿಲು ತಟ್ಟಿಯೇ ತೆಗೆಯಬೇಕು. ಬಂದವರು ಎದ್ದು ಹೋಗಲು ಅದೇ ಸೂಚನೆ.

ಒಳಗಿನಿಂದ ಕೊಳಲು ಕೇಳಿಸಿತು. ಸಣ್ಣಗೆ, ಬಹಳ ದೂರದಿಂದ ಬಂದಂತೆ. ನಡುವೆ ನಿಂತಿತು, ಯಾರೋ ಕೆಮ್ಮಿದರು. ಮತ್ತೆ ಮೊದಲಿನಿಂದ ಶುರುವಾಯಿತು. ದೊಡ್ಡಮ್ಮ ನನ್ನ ತೋಳು ಹಿಡಿದುಕೊಂಡರು. ಚಿಕ್ಕಜ್ಜಿ ಬಾಗಿಲಿಗೆ ಕಿವಿಯಿಟ್ಟು ಕಣ್ಣು ಮುಚ್ಚಿದ್ದರು. ಬೆವೆತುಹೋಗಿದ್ದ ದೊಡ್ಡಪ್ಪ ಎದ್ದವರೇ ದಡದಡನೆ ಬಾಗಿಲು ತಟ್ಟಿಬಿಟ್ಟರು.

ಕೊಳಲು ನಿಂತಿತು. ಒಳಗೆ ಧೂಪದ ಹೊಗೆ, ಎಲೆ, ಟೀವಿ. ಅಷ್ಟೇ.

"ಅಂಥ ಅವಸ್ರ ಏನಿತ್ತಪ್ಪ ನಿಂಗೆ?" ಎಂದರು ಚಿಕ್ಕಜ್ಜಿ. ಎಲೆಯ ಮುಂದೆ ಕೂತು, "ಅಲ್ಲಿ ಲಂಡನ್ನಾಗೆ ಟೀವಿಯೋರ ದೀಪದ ಕಾವ್ಗೆ ಗಂಟ್ಲು ಒಣ್ಗಿ ನಡ್ವೆ ಕೆಮ್ಬುಟ್ರಂತೆ. ಮತ್ತೆ ಮೊದ್ಲಿಂದ ನುಡಿಸಿದ್ರಂತೆ. ನಾಚ್ಕೆ ಆಗಿ ಯಾರ್ಗೂ ಯೇಳಿರ್ನಿಲ್ಲ, ನನ್ಗೊಬ್ಳಿಗೇ," ಎಂದರು.

ಅಕ್ಕಪಕ್ಕದ ಮನೆಗಳಲ್ಲಿ ವಿಚಾರಿಸಿದೆ. ಯಾರ ಮೊಬೈಲಿನದೂ ಅಲ್ಲ. ಅಟ್ಟ ಹತ್ತಿ ನೋಡಿದರೆ ಕೊಳಲನ್ನು ಗೆದ್ದಲು ತಿಂದಿತ್ತು. ನಾನು ಕೇಳಿದ್ದೇನು ಎಂದು ಇವತ್ತಿಗೂ ಹೇಳಲಾರೆ. ಅದಕ್ಕಿಂತ ಹೆಚ್ಚು ನೋಯುವುದು, ಚಿಕ್ಕಜ್ಜಿಯ ಜೀವಕ್ಕೆ ಪೂರ್ತಿ ಕೇಳಲು ಸಿಗಲಿಲ್ಲವಲ್ಲ ಎಂದು.

ಮುಂದಿನ ಮಾರ್ನಮಿಗೆ ಚಿಕ್ಕಜ್ಜಿ ಇರಲಿಲ್ಲ. ಟೀವಿಯ ಮುಂದೆ ಎರಡು ಎಲೆ ಹಾಕಿ ಹೊರಗೆ ಕೂತೆವು. ಒಳಗಿನಿಂದ ಏನೂ ಕೇಳಿಸಲಿಲ್ಲ. ಕತ್ತಲಾಗುತ್ತಾ ಬಂದಾಗ ದೊಡ್ಡಮ್ಮ, "ತಟ್ರೀ, ಒತ್ತಾಯ್ತು," ಎಂದರು.

ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದ ದೊಡ್ಡಪ್ಪ, "ಇರ್ಲಿ ಬುಡು, ನಿದಾನ್ಕೆ ಮುಗಿಸ್ಲಿ," ಎಂದರು. ಅವತ್ತು ಬಾಗಿಲು ತಟ್ಟಲೇ ಇಲ್ಲ.