ಮಾಳಿಗೆಯ ಮೇಲಿನ ಬಿಳಿ ಮಣ್ಣು

ನಾನು ಮದುವೆಯಾಗಿ ಬಂದ ಮನೆಗೆ ಹೆಂಚಿರಲಿಲ್ಲ, ಮಣ್ಣಿನ ಮಾಳಿಗೆ ಇತ್ತು. ಬ್ಯಾಡಗಿಯಿಂದ ಕದರಮಂಡಲಗಿಗೆ ಹೋಗುವ ದಾರಿ ಬಿಟ್ಟು ಒಳಗೆ ತಿರುಗಿದರೆ ಸಿಗುವ ಊರು. ಗೋಡೆ ಎರಡು ಮೊಳ ದಪ್ಪ, ಗೋಡೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಸೀಳಿದ ಕಟ್ಟಿಗೆ, ಅದರ ಮೇಲೆ ಬೇವಿನ ತಪ್ಪಲು, ಎಲ್ಲದರ ಮೇಲೆ ಮಣ್ಣು. ಬಾಗಿಲು ದಾಟಿದರೆ ಮೊದಲು ದನಗಳು, ಕಟ್ಟೆ ಹತ್ತಿದರೆ ಆಮೇಲೆ ಮನುಷ್ಯರು. ಕಿಟಕಿ ಎನ್ನುವುದೇ ಇಲ್ಲ. ಅಡುಗೆಮನೆಗೆ ಮಾಳಿಗೆಯಲ್ಲೊಂದು ಬೆಳಕಿಂಡಿ. ಮಳೆ ಶುರುವಾದರೆ ಯಾರಾದರೂ ಮೇಲೆ ಹೋಗಿ ಅದರ ಮೇಲೆ ಒಡೆದ ಗಡಿಗೆ ಬೋರಲು ಹಾಕಬೇಕು; ಆಮೇಲೆ ಹಗಲಲ್ಲೂ ಕತ್ತಲೆ. ಈಗ ಪೇಟೆಯಿಂದ ಬರುವವರು ಇಂಥ ಮನೆಯ ಫೋಟೋ ತೆಗೆದುಕೊಂಡು, ಎಷ್ಟು ತಂಪು, ಎಷ್ಟು ಚೆಂದ ಎಂದು ಹೊಗಳುತ್ತಾರೆ. ಹೊಗಳಲಿ. ಅವರು ಬೇಸಿಗೆಯಲ್ಲಿ ಬರುತ್ತಾರೆ.

ರಾಣೆಬೆನ್ನೂರಿನಲ್ಲಿ ಬಿಸಿಲು ಹೊಡೆಯುತ್ತಿದ್ದರೂ ನಮ್ಮಲ್ಲಿ ಮಳೆ ಇರುತ್ತದೆ. ಹಾನಗಲ್ಲ ದಿಕ್ಕಿಗೆ ಮೋಡ ಇಳಿಯಿತೆಂದರೆ ವಾರಗಟ್ಟಲೆ ಬಿಡುವುದಿಲ್ಲ. ಅದಕ್ಕೇ ಮೃಗಶಿರಾ ಮಳೆ ಹತ್ತುವ ಮೊದಲು ಪ್ರತಿ ಮನೆಯವರೂ ಮಾಳಿಗೆಗೆ ಚೌಳು ಮಣ್ಣು ಹಾಕುತ್ತಿದ್ದರು. ಬೆಳೆ ಬಾರದ, ಉಪ್ಪುಪ್ಪು ಬಿಳಿ ಮಣ್ಣು ಅದು. ಒಮ್ಮೆ ನೆನೆದು ಗಟ್ಟಿಯಾದರೆ ಒಂದು ಹನಿಯನ್ನೂ ಕೆಳಗೆ ಬಿಡುವುದಿಲ್ಲ. ಹೊಸ ಮಣ್ಣು ಹಾಕುವ ಮುಂಚೆ ಹಳೆಯದನ್ನು ಕೆರೆದು ತೆಗೆಯಬೇಕು, ಇಲ್ಲದಿದ್ದರೆ ತೊಲೆಗೆ ಭಾರ. ಇದು ಎಲ್ಲರಿಗೂ ಗೊತ್ತಿದ್ದ ಮಾತು.

ನನಗೆ ಮಣ್ಣು ತುಳಿಯುವುದನ್ನು ಕಲಿಸಿದವಳು ನನ್ನ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ. ನನ್ನ ತವರು ಹೊಸರಿತ್ತಿ ಕಡೆ. ಅಲ್ಲಿ ನಮ್ಮದು ಹೆಂಚಿನ ಮನೆ, ಮಾಳಿಗೆಯ ಮೇಲೆ ಕಾಲಿಡುವುದೇ ನನಗೆ ಹೊಸದು. ಹೆದರಿಕೆಗೆ ನಾನು ದಡದಡ ತುಳಿದರೆ ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಗುತ್ತಿದ್ದಳು.

“ಸಾವಕಾಶ ತುಳಿಯವ್ವಾ. ಇದು ಮಾಳಗಿ ಐತಿ, ನಿನ್ನ ಮದಿವಿ ಹಂದರ ಅಲ್ಲ.”

ನನ್ನ ನಾಲಿಗೆ ಆಗಲೂ ಚುರುಕು, ಏನೋ ಒಂದು ತಿರುಗಿ ಹೇಳುತ್ತಿದ್ದೆ. ಅವಳಿಗೆ ಅದೂ ಇಷ್ಟ.

ಅತ್ತೆ ತೀರಿಕೊಂಡ ಮರುವರ್ಷ ಅಣ್ಣ ತಮ್ಮ ಬೇರೆಯಾದರು. ಕಾರಣ ಹೇಳಲು ಈಗ ನಾಚಿಕೆಯಾಗುತ್ತದೆ: ಯಾವ ಎತ್ತು ಯಾರಿಗೆ ಎನ್ನುವ ಜಗಳ. ಎತ್ತುಗಳು ಸತ್ತು ಎಷ್ಟೋ ಕಾಲವಾಯಿತು, ಇಬ್ಬರ ಮಾತು ಮಾತ್ರ ಮತ್ತೆ ಹುಟ್ಟಲಿಲ್ಲ. ಮನೆಯ ನಡುವೆ ಹಸಿ ಇಟ್ಟಿಗೆಯ ಗೋಡೆ ಎದ್ದಿತು. ಅಡುಗೆಮನೆಯೂ ಎರಡಾಯಿತು, ಗೋಡೆಯ ಆಚೆ ಅವಳ ಒಲೆ, ಈಚೆ ನನ್ನ ಒಲೆ. ತೊಲೆಯನ್ನು ಕೊಯ್ಯಲು ಬರುವುದಿಲ್ಲವಲ್ಲ, ಅದು ಎರಡೂ ಮನೆಯ ಮೇಲೆ ಹಾದು ಹೋಗಿತ್ತು. ಮಾಳಿಗೆಯ ಮೇಲೆ ಕಲ್ಲಿನ ಸಾಲಿಟ್ಟು ಇಷ್ಟು ನಿಮ್ಮದು, ಇಷ್ಟು ನಮ್ಮದು ಎಂದರು. ಹೊಲದ ಪಾಲಿನಲ್ಲಿ ಹಳ್ಳದ ದಂಡೆಯ ಚೌಳು ನೆಲ ನಮಗೆ ಬಂತು. ಅದರಲ್ಲಿ ಹುಲ್ಲೂ ಹುಟ್ಟುವುದಿಲ್ಲ, ಆದರೂ ನನ್ನ ಗಂಡ ಅದರಿಂದ ಅಣ್ಣನಿಗೆ ಒಂದು ಬುಟ್ಟಿ ಮಣ್ಣು ಕೊಡಲಿಲ್ಲ. ಭಾವ ಕೆರೆಯಂಗಳದಿಂದ ಕೆಂಪು ಮಣ್ಣು ತಂದು ತಮ್ಮ ಅರ್ಧಕ್ಕೆ ಹಾಕಿಕೊಂಡರು.

ನೀರು ತಗ್ಗಿರುವ ಕಡೆ ಹರಿಯುತ್ತದೆ. ಮೊದಲ ಮಳೆಗಾಲದಲ್ಲಿ ಅವರ ಕಡೆಯ ನೀರೆಲ್ಲ ನಮ್ಮ ಅರ್ಧದ ಮೇಲೆ ಬಂದು ನಿಂತಿತು. ಮರುವರ್ಷ ನನ್ನ ಗಂಡ ಎರಡು ಗಾಡಿ ಮಣ್ಣು ಜಾಸ್ತಿ ಏರಿಸಿದ. ಅದರ ಮರುವರ್ಷ ಭಾವ ಏರಿಸಿದರು. ಹಳೆಯದನ್ನು ಕೆರೆದು ತೆಗೆಯುವ ಮಾತೇ ನಿಂತುಹೋಯಿತು, ಏಕೆಂದರೆ ತೆಗೆದವನ ಮನೆ ತಗ್ಗಾಗುತ್ತದೆ, ತಗ್ಗಾದವನ ಮನೆ ಸೋರುತ್ತದೆ. ಹೀಗೆ ಹತ್ತು ಹನ್ನೆರಡು ವರ್ಷ. ನಾನೇನು ಕೈಕಟ್ಟಿ ಕುಳಿತಿರಲಿಲ್ಲ. ಬುಟ್ಟಿ ಹೊತ್ತು ಏಣಿ ಹತ್ತಿದವಳು ನಾನು. ನಮ್ಮ ಬಿಳಿ ಮಣ್ಣು ಅವರ ಕೆಂಪು ಮಣ್ಣಿಗಿಂತ ಒಂದು ಗೇಣು ಮೇಲೆದ್ದ ವರ್ಷ ನನಗೆ ಒಳಗೊಳಗೇ ಖುಷಿಯಾಗಿತ್ತು, ಸುಳ್ಳೇಕೆ ಹೇಳಲಿ.

ಗಂಡಸರು ಮಾತು ಬಿಟ್ಟಿದ್ದರೇ ಹೊರತು ನಾವು ಬಿಟ್ಟಿರಲಿಲ್ಲ. ನಡುಗೋಡೆಯಲ್ಲಿ ನನ್ನ ಒಲೆಯ ಪಕ್ಕಕ್ಕೆ ಒಂದು ಇಟ್ಟಿಗೆ ಸಡಿಲಾಗಿತ್ತು. ಗಂಡಸರು ಹೊಲಕ್ಕೆ ಹೋದ ಮೇಲೆ ಅಕ್ಕ ಆಚೆಯಿಂದ ಎರಡು ಸಲ ಬಡಿಯುವಳು, ನಾನು ಇಟ್ಟಿಗೆ ತೆಗೆಯುವೆ. ಹೆಪ್ಪು, ಕಡ್ಡಿಪೆಟ್ಟಿಗೆ, ಒಂದು ತುಣುಕು ಬೆಲ್ಲ, ಊರಿನ ಸುದ್ದಿ ಎಲ್ಲವೂ ಅದರಲ್ಲೇ ಓಡಾಡುತ್ತಿದ್ದವು. ಅವಳ ಮಗಳಿಗೆ ರಾಣೆಬೆನ್ನೂರಿನ ಗಂಡು ಗೊತ್ತಾದದ್ದನ್ನು ಮೊದಲು ನನಗೆ ಹೇಳಿದ್ದು ಆ ತೂತಿನಿಂದಲೇ. ಮದುವೆಗೆ ನಾವು ಹೋಗಲಿಲ್ಲ. ಅಕ್ಷತೆಯ ನಾಲ್ಕು ಕಾಳು ಮಾತ್ರ ಇಟ್ಟಿಗೆ ಸರಿಸಿ ಕೊಟ್ಟೆ.

ಒಂದು ವರ್ಷ ಅವಳು ಕೇಳಿದಳು: “ತಂಗಿ, ನನ್ನ ಬೆಳಕಿಂಡಿ ಸುತ್ತ ಸೋರಾಕತ್ತೇತಿ. ಕೆಂಪು ಮಣ್ಣು ತಡಿಯೂದಿಲ್ಲ. ಒಂದ ಬುಟ್ಟಿ ಬಿಳೀದು ಕೊಟ್ಟಿದ್ರ...”

“ನನ್ನ ಕೈಯಾಗ ಏನೈತ್ರಿ ಅಕ್ಕ, ನಿಮ್ಮ ಮೈದುನನ್ನ ಕೇಳ್ರಿ,” ಎಂದೆ. ಮೈದುನನನ್ನು ಅವಳು ಕೇಳುವಂತಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಅವಳು ನಕ್ಕು ಬೇರೆ ಮಾತು ತೆಗೆದಳು.

ಕೆಲವು ವರ್ಷಗಳ ಹಿಂದೆ ಆಶ್ಲೇಷಾ ಮಳೆ ಹಿಡಿದುಕೊಂಡಿತು. ಆರು ದಿನ ಸೂರ್ಯ ಕಾಣಲಿಲ್ಲ. ದನಗಳು ನಿಂತಲ್ಲೇ ನಿಂತು ಗೊರಸು ಕೊಳೆತವು, ಕಟ್ಟಿಗೆ ಹೊತ್ತದೆ ಮನೆತುಂಬ ಹೊಗೆ. ಊರಲ್ಲಿ ದಿನಕ್ಕೊಂದು ಗೋಡೆ ಬಿದ್ದ ಸುದ್ದಿ. ಆರನೆಯ ದಿನ ನಮ್ಮ ಅಡುಗೆಮನೆಯ ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡು ಮುಚ್ಚಲು ಬರಲಿಲ್ಲ. ಬೇಳೆ ಆರಿಸುತ್ತಿದ್ದ ಮೊರದಲ್ಲಿ ಮೇಲಿನಿಂದ ಸಣ್ಣ ಮಣ್ಣು ಉದುರಿತು. ಊದಿ ತೆಗೆದು ಬೇಳೆ ಬೇಯಿಸಿದೆ.

ಅಕ್ಕ ಇಟ್ಟಿಗೆ ಬಡಿದಳು. ಅವಳ ಮುಖ ಕಾಣಲಿಲ್ಲ, ಆಚೆಯೂ ಕತ್ತಲೆ.

“ತಂಗಿ, ನಡುವಿನ ತೊಲಿ ಬಾಗೇತಿ. ನನ್ನ ಒಲಿ ಅದರ ಕೆಳಗ ಐತಿ. ನಿನ್ನ ಗಂಡಗ ಹೇಳಿ ಮ್ಯಾಲಿನ ಮಣ್ಣು ಒಂದೀಟು ತಗಸವ್ವಾ.”

“ನಿಮ್ಮ ಕಡಿನೂ ಅಷ್ಟ ಐತೆಲ್ರಿ.”

“ಇವರಿಗೂ ಹೇಳೇನಿ. ಮೊದಲ ಅವರು ತಗೀಲಿ ಅಂತ ಕುಂತಾರ.”

“ಹಂಗಾದ್ರ ಮೊದಲ ನೀವ ತಗೀರಿ,” ಎಂದೆ. “ಪ್ರತಿ ಸಲ ನಾವ ಯಾಕ ಬಾಗಬೇಕ್ರಿ?”

ನಾವು ಯಾವ ಸಲವೂ ಬಾಗಿರಲಿಲ್ಲ. ಆದರೂ ಹಾಗೆಂದೆ. “ಆತು ಬಿಡವಾ,” ಎಂದು ಅವಳು ಸರಿದುಹೋದಳು, ನಾನು ಇಟ್ಟಿಗೆ ಮುಚ್ಚಿದೆ.

ಗಂಡನಿಗೆ ನಾನು ಹೇಳಲಿಲ್ಲ. ಹೇಳಿದರೆ, ತೊಲೆ ಬಾಗಿದ್ದು ಅವರ ಕಡೆ, ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳುತ್ತಾನೆ. ಇಟ್ಟಿಗೆಯ ಕಥೆ ಹೊರಬೀಳುತ್ತದೆ. ಅದೊಂದು ನೆಪ. ಇನ್ನೊಂದು ನನ್ನ ಸೊಕ್ಕು. ಎರಡರಲ್ಲಿ ಯಾವುದು ದೊಡ್ಡದಿತ್ತು ಎಂದು ಇಷ್ಟು ವರ್ಷ ಯೋಚಿಸಿದ್ದೇನೆ, ಗೊತ್ತಾಗಿಲ್ಲ. ನಾಳೆ ಮಳೆ ನಿಲ್ಲುತ್ತದೆ ಅಂದುಕೊಂಡೆ.

ಮರುದಿನ ಮಧ್ಯಾಹ್ನ ನಾನು ಮುಂದೆ ದನಗಳಿಗೆ ಮೇವು ಹಾಕುತ್ತಿದ್ದೆ. ಗೋಡೆಯಾಚೆ ಅವಳು ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಮೊದಲು ಕಟ್ಟಿಗೆ ಮುರಿದ ಹಾಗೆ ಒಂದು ಸದ್ದು, ಆಮೇಲೆ ದೊಡ್ಡ ಸದ್ದು. ಎತ್ತರವಿದ್ದದ್ದು ನಮ್ಮ ಅರ್ಧ. ತೊಲೆ ಅವಳ ಒಲೆಯ ಮೇಲೆ ಮುರಿಯಿತು, ನಮ್ಮ ಮಾಳಿಗೆಯ ಮಣ್ಣು ನಡುಗೋಡೆಯನ್ನು ದೂಡಿಕೊಂಡು ಆಚೆಗೆ ಜಾರಿತು. ನನ್ನ ಮೈಮೇಲೆ ಒಂದು ಹೆಂಟೆಯೂ ಬೀಳಲಿಲ್ಲ.

ಅಣ್ಣ ತಮ್ಮ ಇಬ್ಬರೂ ಓಡಿ ಬಂದು ಒಂದೇ ಸಲಿಕೆಯನ್ನು ಒಬ್ಬರ ಕೈಯಿಂದೊಬ್ಬರು ಕಸಿದುಕೊಂಡು ಅಗೆದರು. ಆಗಲೂ ಮಾತಾಡಲಿಲ್ಲ. ಊರವರು ಸೇರಿದರು. ನಾನು ಕೈಯಿಂದಲೇ ತೋಡಿದೆ. ಮೊದಲು ರೊಟ್ಟಿ ಸುಡುವ ಹಂಚು ಸಿಕ್ಕಿತು, ಅದರ ಮೇಲಿನ ರೊಟ್ಟಿ ಸಿಕ್ಕಿತು, ಆಮೇಲೆ ಅವಳ ಬಳೆ ಕೈ. ಜೀವ ಇರಲಿಲ್ಲ.

ಪೋಸ್ಟ್‌ಮಾರ್ಟಂ ಮುಗಿಸಿ ಹಾವೇರಿ ದವಾಖಾನೆಯಿಂದ ಅವಳನ್ನು ಮರುದಿನ ತಂದರು. ಮಗಳು ಬಂದು ಕಟ್ಟೆಗೆ ತಲೆ ಇಟ್ಟು ಅಳುತ್ತಿದ್ದಳು, ಅವಳಿಂದ ಆಗಲಿಲ್ಲ; ಮೈ ತೊಳೆಯುವ ಕೆಲಸ ನನ್ನ ಪಾಲಿಗೆ ಬಂತು. ಮುಖ ಒರೆಸಿದ್ದರು, ಕೂದಲನ್ನು ಯಾರೂ ಮುಟ್ಟಿರಲಿಲ್ಲ. ಬಿಸಿನೀರು ಹಾಕಿ ಬೆರಳಲ್ಲಿ ಬಿಡಿಸುತ್ತ ಹೋದೆ. ಕೆಂಪು ಮಣ್ಣು ಅಷ್ಟಿಷ್ಟು ಇತ್ತು, ಉಳಿದದ್ದೆಲ್ಲ ಬಿಳಿ. ಒಂದು ಬುಟ್ಟಿ ಕೇಳಿದ್ದಳು. ಚೌಳು ಮಣ್ಣು ನೀರಿಗೆ ಬೇಗ ಬಿಡುವುದಿಲ್ಲ, ನಾಲ್ಕು ಕೊಡ ನೀರು ಬೇಕಾಯಿತು. ಪಕ್ಕದ ಮನೆಯ ಮುದುಕಿ, “ಸಾಕ ಬಿಡವ್ವಾ, ಹೊತ್ತಾತು,” ಎಂದಳು. ನಾನು ಬಿಡಲಿಲ್ಲ.

ಈಗ ಅಲ್ಲಿ ಮಾಳಿಗೆ ಇಲ್ಲ. ಉಳಿದದ್ದನ್ನೂ ಕೆಡವಿ ತಗಡಿನ ಮನೆ ಕಟ್ಟಿಕೊಂಡಿದ್ದೇವೆ. ಮಳೆ ಬಂದರೆ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ, ಅದೇ ಒಳ್ಳೆಯದು. ಭಾವ ಪಕ್ಕದಲ್ಲೇ ಒಂದು ಖೋಲಿಯಲ್ಲಿದ್ದಾರೆ, ಊಟಕ್ಕೆ ನಮ್ಮಲ್ಲಿಗೆ ಬರುತ್ತಾರೆ. ಅಣ್ಣ ತಮ್ಮ ಎದುರುಬದುರು ಕುಳಿತು ಉಣ್ಣುತ್ತಾರೆ. ಮಾತು ಈಗಲೂ ಇಲ್ಲ.

ಹೋದ ಮಳೆಗಾಲ ಒಂದು ಮಧ್ಯಾಹ್ನ ನನ್ನ ಗಂಡ ಗುತ್ತಲದ ಸಂತೆಗೆ ಹೋಗಿದ್ದ. ಭಾವ ಒಬ್ಬರೇ ತಾಟಿನ ಮುಂದೆ ಕುಳಿತಿದ್ದರು. ನನ್ನ ಜೊತೆ ನೇರ ಮಾತಾಡುವವರಲ್ಲ ಅವರು. ರೊಟ್ಟಿ ಮುರಿದು ಹಿಡಿದುಕೊಂಡು ತಾಟಿಗೆ ಹೇಳುವಂತೆ ಹೇಳಿದರು:

“ಅಕಿ ನನಗ ಹೇಳಿದ್ಳು. ತೊಲಿ ಬಾಗೇತಿ, ಮಣ್ಣು ತಗೀರಿ ಅಂತ. ಮೊದಲ ಅವರು ತಗೀಲಿ ಅಂದೆ ನಾ. ನಾನ ಕೊಂದೆ ಅಕಿನ್ನ.” ಆಮೇಲೆ ತಲೆ ಎತ್ತಿದರು. “ನಿಮಗ ಗೊತ್ತಿತ್ತಂದ್ರ ನೀವರ ತಗೀತಿದ್ರಿ. ಅಕಿ ನಿನಗೇನರ ಹೇಳಿದ್ಳೇನವ್ವಾ?”

ಹೇಳಬಹುದಿತ್ತು. ಹೇಳಿದ್ದರೆ ಆ ಮುದುಕನ ಹೆಗಲ ಮೇಲಿನ ಭಾರ ಅರ್ಧ ನನ್ನ ಮೇಲೆ ಬರುತ್ತಿತ್ತು.

“ಇಲ್ರಿ,” ಎಂದೆ. “ನನಗೇನೂ ಹೇಳಿರಲಿಲ್ಲ.”

ಅವರು ತಲೆಯಾಡಿಸಿ ಮತ್ತೆ ತಾಟಿನ ಕಡೆ ಬಗ್ಗಿದರು. ನಾನು ಅವರಿಗೆ ಇನ್ನೊಂದು ರೊಟ್ಟಿ ಹಾಕಿದೆ.