ಪೆಟ್‌ವೇ ಮಾಡದೆ ಹೋದ ಫೋನು

ಓಝೆಲ್ ಪೆಟ್‌ವೇ ಒಳ್ಳೆಯ ಮಾತುಗಾರ. ಅಲಬಾಮಾದ ಟಾಲ್ಮೋರ್ ಕಾಲೇಜಿನ ಅಮೆರಿಕನ್ ಫುಟ್ಬಾಲ್ ತಂಡಕ್ಕೆ ಊರೂರು ತಿರುಗಿ ಹುಡುಗರನ್ನು ಆರಿಸಿ ತರುವುದು ಇಪ್ಪತ್ತೆರಡು ವರ್ಷದಿಂದ ಅವನ ಕೆಲಸ. ಬೇಸಿಗೆಯಲ್ಲಿ ಹೈಸ್ಕೂಲು ಕೋಚ್‌ಗಳೆಲ್ಲ ಮಾಂಟ್‌ಗೊಮರಿಯಲ್ಲಿ ಸೇರಿದರೆ ಪೆಟ್‌ವೇಯ ಭಾಷಣವಿಲ್ಲದೆ ಆ ಸಭೆ ಮುಗಿಯುತ್ತಿರಲಿಲ್ಲ. ಬೆಳೆಯುವ ಸಿರಿ ಮೊಳಕೆಯಲ್ಲೇ ಕಾಣುತ್ತದೆ ಎನ್ನುವುದು ಅವನ ಸಿದ್ಧಾಂತ.

"ಹುಡುಗ ಬಸ್ಸಿಂದ ಇಳಿಯೋದನ್ನ ನೋಡಿದ್ರೆ ಸಾಕು ನಂಗೆ. ಕತ್ತೇನ ಎಷ್ಟು ತಿಕ್ಕಿ ತೊಳೆದ್ರೂ ಕುದುರೆ ಆಗಲ್ಲ ಕಣ್ರಪ್ಪಾ!"

ಆ ವರ್ಷವೂ ಅವನು ತನ್ನ ಹಳೆಯ ನಗೆಚಟಾಕಿಯನ್ನೇ ತೆಗೆದ. "ಮುಂಸಾಲಲ್ಲಿ ನಿಂತು ಎದುರಾಳೀನ ತಡೆಯೋನು ಒಬ್ಬನಿದ್ದ. ಬೆಟ್ಟದಂಥ ಮೈ. ಆದ್ರೆ ಎಡಕ್ಕೆ ತಿರುಗೋ ಅಂದ್ರೆ, ಪೈನ್ ದಿಮ್ಮಿ ತುಂಬಿದ ಲಾರಿ ರಿವರ್ಸ್ ತಗೊಂಡಂಗೆ! ಇವನು ತಿರುಗೋ ಹೊತ್ತಿಗೆ ಎದುರಾಳಿ ಚೆಂಡು ಎತ್ಕೊಂಡು ಮನೆಗೆ ಹೋಗಿ, ಊಟ ಮಾಡಿ, ಕೈ ತೊಳ್ದಿರ್ತಿದ್ದ." ಬಾಯಲ್ಲಿ ಪೀಂ ಪೀಂ ಎಂದು ಸದ್ದು ಮಾಡುತ್ತಾ ವೇದಿಕೆಯ ಮೇಲೆ ಹಿಂದೆ ಹಿಂದೆ ನಡೆದ. ಇನ್ನೂರು ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ಆಮೇಲೆ ಕಾಫಿಯ ಹತ್ತಿರ ಮೂವತ್ತರ ಆಸುಪಾಸಿನ, ಬಾಗಿಲು ತುಂಬುವಂಥ ಆಳೊಬ್ಬ ಬಂದು ಟೋಪಿ ತೆಗೆದ.

"ನಮಸ್ಕಾರ ಸರ್. ಲಾಮಾರ್ ಟಿಡ್ವೆಲ್. ಹಾರ್ಲೋ ಕ್ರೀಕ್ ಸ್ಕೂಲಲ್ಲಿ ಮುಂಸಾಲಿನ ಹುಡುಗ್ರಿಗೆ ಹೇಳ್ಕೊಡ್ತೀನಿ."

"ಎಲ್ಲೋ ನೋಡಿದ ಹಾಗಿದೆಯಲ್ಲಪ್ಪಾ."

"ಆ ಲಾರಿ ನಾನೇ ಸರ್."

ದನಿಯಲ್ಲಿ ಕೊಂಕಿರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಇಬ್ಬರು ಕೋಚ್‌ಗಳು ತಮ್ಮ ತಮ್ಮ ಕಪ್ಪಿನೊಳಗೆ ಇಣುಕತೊಡಗಿದರು. ನೆಲ ಬಾಯಿ ಬಿಡಬಾರದೇ ಅನ್ನಿಸಿತು ಪೆಟ್‌ವೇಗೆ.

"ಅದು... ಸುಮ್ನೆ ತಮಾಷೆಗೆ..."

"ಗೊತ್ತು ಸರ್. ನಿಧಾನ ಇದ್ದದ್ದು ನಿಜಾನೇ. ನಮ್ಮ ಕಡೆ ಬಂದಾಗ ಅಭ್ಯಾಸ ನೋಡಿ ಹೋಗಿ."

ಕಾರಿನಲ್ಲಿ ಮನೆಗೆ ಹೋಗುವಾಗ ಪೆಟ್‌ವೇಗೆ ಹನ್ನೆರಡು ವರ್ಷದ ಹಿಂದಿನದು ಒಂದೊಂದೇ ನೆನಪಾಯಿತು. ಲಾಮಾರನ ಅಮ್ಮ ವರ್ಲೀನ್ ಕರಿದ ಮೀನು ಬಡಿಸಿದ್ದಳು. ತಿಂದು, ಇನ್ನೊಮ್ಮೆ ಬಡಿಸಿಕೊಂಡು, ಎದೆಯ ಮೇಲೆ ಕೈಯಿಟ್ಟು ಅವನು ಹೇಳಿದ್ದ: "ಮಿಸ್ ವರ್ಲೀನ್, ನಿಮ್ಮ ಮಗ ಇನ್ಮೇಲೆ ನಮ್ಮವನು." ಫೀಸಿಲ್ಲದ ಸೀಟು, ನಾಲ್ಕು ವರ್ಷ ಓದು, ಊಟ, ಎಲ್ಲ ಕಾಲೇಜಿನದೇ. ಕಾಲೇಜು ಸೇರುವ ಒಪ್ಪಂದಕ್ಕೆ ಹುಡುಗರು ಸಹಿ ಹಾಕುವ ದಿನಕ್ಕೆ ವಾರವಿದೆ ಎನ್ನುವಾಗ ಜಾವೋನ್ ಎಂಬ ಹುಡುಗ ಕಣ್ಣಿಗೆ ಬಿದ್ದ. ಅಷ್ಟೇ ದೊಡ್ಡ ಮೈ, ಆದರೆ ಜಿಂಕೆಯ ಕಾಲು. ಉಳಿದಿದ್ದದ್ದು ಒಂದೇ ಸೀಟು. ಪೆಟ್‌ವೇ ಅದನ್ನು ಜಾವೋನ್‌ಗೆ ಕೊಟ್ಟ. ಟಿಡ್ವೆಲ್ ಮನೆಗೆ ತಿಳಿಸುವ ಕೆಲಸವನ್ನು ಆಫೀಸಿನ ಹುಡುಗಿಗೆ ವಹಿಸಿದ. ಆ ಮನೆಯ ಫೋನ್ ನಂಬರು ಅವನ ಜೇಬಿನಲ್ಲೇ ಇತ್ತು.

ಜಾವೋನ್‌ಗೆ ಯಾರೂ ಏನನ್ನೂ ಕಲಿಸಲಿಲ್ಲ. ಹುಟ್ಟಾ ಆಟಗಾರನಿಗೆ ಏನು ಕಲಿಸುವುದು? ಮೊದಲ ವರ್ಷ ಮಿಂಚಿದ. ಎರಡನೇ ವರ್ಷ ಎದುರಾಳಿಗಳು ಅವನ ಪಟ್ಟುಗಳನ್ನೆಲ್ಲ ಅರಿತುಕೊಂಡರು, ಅವನ ಹತ್ತಿರ ಬೇರೆ ಪಟ್ಟಿರಲಿಲ್ಲ. ಮೂರನೇ ವರ್ಷ ಅವನ ಹೆಸರೇ ತಂಡದ ಪಟ್ಟಿಯಲ್ಲಿರಲಿಲ್ಲ. ಪೆಟ್‌ವೇಯ ಭಾಷಣಗಳಲ್ಲಿ ಜಾವೋನ್ ಯಾವತ್ತೂ ಬರುತ್ತಿರಲಿಲ್ಲ.

ಆಗಸ್ಟಿನ ಬಿಸಿಲಲ್ಲಿ ಪೆಟ್‌ವೇ ಹಾರ್ಲೋ ಕ್ರೀಕಿಗೆ ಹೋದ. ಮೈದಾನದಲ್ಲಿ ಲಾಮಾರ್ ಹಲಗೆಗಳನ್ನು ಸಾಲಾಗಿ ಹಾಕಿ, ಮಂಡಿಯೂರಿ ಕೂತು, ಒಬ್ಬ ದಡೂತಿ ಹುಡುಗನ ಪಾದವನ್ನು ಕೈಯಿಂದಲೇ ಹಿಡಿದು ಸರಿಯಾದ ಜಾಗಕ್ಕೆ ಇಡಿಸುತ್ತಿದ್ದ. "ಅವಸರ ಬೇಡ ಮಗಾ. ಮೊದ್ಲು ಕಾಲು, ಆಮೇಲೆ ಕೋಪ." ಹುಡುಗ ಎಡವಿದ, ಮತ್ತೆ ಎಡವಿದ. ಲಾಮಾರ್ ಪ್ರತಿ ಸಲವೂ ಹಲಗೆ ಸರಿಮಾಡಿದ.

"ಇದನ್ನ ಯಾರು ಕಲಿಸಿದ್ರು ನಿಂಗೆ?" ಪೆಟ್‌ವೇ ಕೇಳಿದ.

"ಮಿಸಿಸಿಪ್ಪಿಲಿ ಸಣ್ಣ ಕಾಲೇಜೊಂದು ಕರ್ಕೊಳ್ತು ಸರ್. ಅಲ್ಲೊಬ್ರು ಮುದುಕ ಕೋಚು, ಒಂದು ವರ್ಷ ಬರೀ ನಡೆಸಿದ್ರು. ಆಮೇಲೆ ದೊಡ್ಡ ಕಾಲೇಜಿನ ತಂಡದಲ್ಲಿ ಎರಡು ವರ್ಷ ಆಡ್ದೆ. ನಿಮ್ಮ ಟಾಲ್ಮೋರ್ ಮೇಲೂ ಆಡಿದ್ದೆ. ಎಪ್ಪತ್ತೆರಡನೇ ನಂಬರಿನ ಅಂಗಿ."

ಪೆಟ್‌ವೇಗೆ ಆ ಪಂದ್ಯ ನೆನಪಿತ್ತು. ಎಪ್ಪತ್ತೆರಡು ತಮ್ಮ ಹುಡುಗರನ್ನು ಇಡೀ ಮಧ್ಯಾಹ್ನ ಕದಲಗೊಡದೆ ನಿಲ್ಲಿಸಿದ್ದ. "ಇಂಥೋನು ಹುಟ್ಟಿನಿಂದ್ಲೇ ಹಾಗೆ" ಎಂದು ಅವನೇ ಪಕ್ಕದವನಿಗೆ ಹೇಳಿದ್ದ. ಯಾರೆಂದು ಕೇಳಿರಲಿಲ್ಲ.

ಬೇಲಿಯ ನೆರಳಲ್ಲಿ ವರ್ಲೀನ್ ಹುಡುಗರಿಗೆ ನೀರು ಕೊಡುತ್ತಿದ್ದಳು. ಪೆಟ್‌ವೇ ಕಾಲೆಳೆದುಕೊಂಡು ಅತ್ತ ನಡೆದ.

"ಮಿಸ್ ವರ್ಲೀನ್, ನಾನು..."

"ಯಾರು ಅಂತ ಗೊತ್ತು. ಎರಡು ಸಲ ಬಡಿಸ್ಕೊಂಡು ತಿಂದವ್ರನ್ನ ಮರೀತಾರಾ ಕೋಚ್?"

"ಸೀಟಿನ ವಿಷಯ..."

"ಸೀಟು ಹಾಳಾಗ್ಲಿ. ಇನ್ನೊಬ್ಬ ಚುರುಕಾಗಿದ್ದ, ಕೊಟ್ರಿ. ಅದು ನಿಮ್ಮ ಕಸುಬು. ಆ ಫೋನು ಯಾವಾಗ ಬಂತು ಗೊತ್ತಾ? ಸಹಿ ಹಾಕೋ ದಿನ ಬೆಳಿಗ್ಗೆ. ಸ್ಕೂಲಲ್ಲಿ ಮೇಜು ಹಾಕಿ, ನಿಮ್ಮ ಕಾಲೇಜಿನ ಟೋಪಿ ಇಟ್ಟಿದ್ರು. ಬ್ಯಾಂಡು ಬಾರಿಸ್ತಿದ್ರು. ನಮ್ಮತ್ತೆ ಸೆಲ್ಮಾದಿಂದ ಬಂದು ಮುಂದೆ ಕೂತು ಚಪ್ಪಾಳೆ ತಟ್ತಾ ಇದ್ರು. ನನ್ನ ಮಗ ಫೋನು ಇಟ್ಟು ಬಂದು, ಮೈಕು ಹಿಡ್ದು, 'ನಂಗೆ ಸೀಟಿಲ್ಲ, ಕ್ಷಮಿಸಿ' ಅಂತ ತಾನೇ ಹೇಳ್ದ. ಇಡೀ ಸ್ಕೂಲಿನ ಮುಂದೆ. ಹದಿನೇಳು ವರ್ಷದೋನು ಹೇಳಿದ ಮಾತನ್ನ ನಿಮ್ಮ ಬಾಯಲ್ಲಿ ಹೇಳಕ್ಕಾಗ್ಲಿಲ್ಲ."

ಪೆಟ್‌ವೇಯ ಕಿವಿ ಸುಟ್ಟುಹೋಯಿತು. "ತಪ್ಪಾಯ್ತು" ಎಂದ.

ವರ್ಲೀನ್ ಕ್ಷಮಿಸಿದೆ ಎನ್ನಲಿಲ್ಲ. ಒಂದು ಲೋಟ ನೀರು ಕೊಟ್ಟಳು. ಅವನು ಕುಡಿದ ಮೇಲೆ ಕೇಳಿದಳು: "ಆ ಇನ್ನೊಬ್ಬ ಹುಡುಗ ಏನಾದ?"

"ಗೊತ್ತಿಲ್ಲ."

"ಅವನಮ್ಮನೂ ನಿಮಗೆ ಅಡುಗೆ ಮಾಡಿ ಹಾಕಿರ್ತಾಳಲ್ವಾ?"

ಹಾಕಿದ್ದಳು.

ಜಾವೋನನ್ನು ಹುಡುಕಲು ಪೆಟ್‌ವೇಗೆ ಎರಡು ತಿಂಗಳು ಹಿಡಿಯಿತು. ಮೊಬೀಲ್ ಬಂದರಿನಲ್ಲಿ, ಹಡಗು ಕಟ್ಟುವ ಅಂಗಳದಲ್ಲಿ ಬೆಸುಗೆ ಕೆಲಸಕ್ಕಿದ್ದ. ಫೋನಿನಲ್ಲಿ ದನಿ ಕೇಳಿದ್ದೇ ಖುಷಿಯಿಂದ ಕೂಗಿದ: "ಕೋಚ್! ನೀವಾ? ನಿಮ್ಮ ಮರ್ಯಾದೆ ಕಳೆದುಬಿಟ್ಟೆ ನಾನು. ಅಷ್ಟು ದೊಡ್ಡ ಅವಕಾಶ ಕೊಟ್ರಿ. ನನ್ನಲ್ಲೇ ಏನೋ ಕಮ್ಮಿ ಇತ್ತು ಬಿಡಿ."

ಹತ್ತು ವರ್ಷದಿಂದ ಅವನು ಅದನ್ನೇ ನಂಬಿಕೊಂಡು ಬದುಕಿದ್ದ.

"ಇಲ್ಲ ಮಗಾ," ಎಂದ ಪೆಟ್‌ವೇ. "ನಿನ್ನಲ್ಲಿ ಕಮ್ಮಿ ಇರ್ಲಿಲ್ಲ. ನಾವು ನಿಂಗೆ ಏನೂ ಕಲಿಸ್ಲಿಲ್ಲ. ಕಲಿಸ್ಬೇಕು ಅಂತಾನೂ ಅನ್ನಿಸ್ಲಿಲ್ಲ ನಮಗೆ."

ಆ ಕಡೆ ಪಾಳಿಯ ಸೈರನ್ ಕೂಗಿತು.

"ಇದನ್ನ ಆಗ್ಲೇ ಹೇಳಿದ್ರೆ ಚೆನ್ನಾಗಿತ್ತು ಕೋಚ್," ಎಂದ ಜಾವೋನ್. ದನಿಯಲ್ಲಿದ್ದ ಖುಷಿ ಹೋಗಿತ್ತು. "ಪಾಳಿ ಶುರುವಾಯ್ತು, ಇಡ್ತೀನಿ."

ಮುಂದಿನ ಬೇಸಿಗೆ ಮಾಂಟ್‌ಗೊಮರಿಯವರು ಭಾಷಣಕ್ಕೆ ಕರೆದರು. ಪೆಟ್‌ವೇ ಮೈಗೆ ಹುಷಾರಿಲ್ಲ ಎಂದ. ನಿಜವಾದ ಕಾರಣ ಹೇಳುವ ಧೈರ್ಯ ಆಗಲೂ ಬರಲಿಲ್ಲ.